ಲ್ಯಾಪ್‌ಟಾಪಿಗೆ ತಿರುಗೋ ಡಿಸ್ಕ್: ಕಂಪನಿ ಆಮೇಲೆ, ಮೊದಲು ದಪ್ಪ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಬಗ್ಗೆಯೇ. ಅದೂ ದಾವಣಗೆರೆ, ಚಿತ್ರದುರ್ಗದ ಕಡೆಯಿಂದಲೇ ಜಾಸ್ತಿ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವತ್ತು ಇದನ್ನೇ ನೋಡೋಣ. ಮೊದಲ ಉತ್ತರ ಉದ್ದ ಇದೆ. ಉಳಿದವರಿಗೆ ಬೇಕಾದ ಅರ್ಧ ವಿಷಯವೂ ಅದರಲ್ಲೇ ಇರೋದರಿಂದ ಎಲ್ಲರೂ ಓದಿ.

ನಾನು ಪಿ.ಜೆ. ಬಡಾವಣೆ ಹತ್ತಿರ ಡಿಟಿಪಿ ಕೆಲಸ ಮಾಡುತ್ತೇನೆ. ಲ್ಯಾಪ್‌ಟಾಪ್ ಹಳೆಯದು, ಡಿವಿಡಿ ಡ್ರೈವ್ ಇರುವಂಥದ್ದು. 500 ಜಿಬಿ ಡಿಸ್ಕ್ ತುಂಬಿಹೋಗಿದೆ, ಜೊತೆಗೆ ಈಚೆಗೆ ಟಿಕ್ ಟಿಕ್ ಅಂತ ಸದ್ದು. ಮದುವೆ ಪತ್ರಿಕೆ, ಬಿಲ್ ಬುಕ್, ಬ್ಯಾನರ್ ಎಲ್ಲಾ ಫೈಲೂ ಅದರಲ್ಲೇ ಇವೆ. ಒಬ್ಬರು 7200 ಆರ್‌ಪಿಎಂ ಡಿಸ್ಕ್ ಹಾಕಿಸಿ ಅಂತಾರೆ, ಇನ್ನೊಬ್ಬರು ಡಿಸ್ಕೇ ಬೇಡ, ಚಿಪ್‌ಗಳಲ್ಲಿ ಮಾಹಿತಿ ಇಡೋ ಎಸ್‌ಎಸ್‌ಡಿ ಹಾಕಿಸಿ ಅಂತಾರೆ. ನನಗೆ 1 ಟಿಬಿ ಆದರೂ ಜಾಗ ಬೇಕು. ಏನು ಮಾಡಲಿ ಸಾರ್?
— ಡಿಟಿಪಿ ಕೆಲಸದವರು, ದಾವಣಗೆರೆ

ಮೊದಲು ಆ ಸದ್ದು. ಪತ್ರಿಕೆ ಕೆಳಗಿಟ್ಟು ಈಗಲೇ ಮುಖ್ಯ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಡಿಸ್ಕ್ ಒಳಗೆ ಓದುವ ಹೆಡ್, ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಅದು ಓದೋಕೆ ಹೋಗಿ, ಆಗದೆ ಹಿಂದೆ ಬಂದು, ಮತ್ತೆ ಹೋಗುವಾಗ ಈ ಥರ ಸದ್ದು ಬರೋದುಂಟು. ಇಂಥ ಡಿಸ್ಕು ಇನ್ನಾರು ತಿಂಗಳು ನಡೆಯಲೂಬಹುದು, ಇವತ್ತು ಸಂಜೆಯೇ ಕೈ ಕೊಡಲೂಬಹುದು. ಕಾಪಿ ಮಾಡುವಾಗ ಗಿರಾಕಿಗಳ ಫೈಲು ಮೊದಲು. ಸಿನಿಮಾ, ಹಾಡು ಎಲ್ಲಾ ಕೊನೆಗೆ.

ಇನ್ನು ಹೊಸ ಡಿಸ್ಕ್. ಅಂಗಡಿಗೆ ಹೋದವರೆಲ್ಲಾ ಕೇಳೋದು ಯಾವ ಕಂಪನಿ, ಎಷ್ಟು ಜಿಬಿ, ಎಷ್ಟು ರೂಪಾಯಿ ಅಂತ. ನಾನಾದರೆ ಮೊದಲು ದಪ್ಪ ಕೇಳುತ್ತೇನೆ. ಲ್ಯಾಪ್‌ಟಾಪಿಗೆ ಬರೋದು ಎರಡೂವರೆ ಇಂಚಿನ ಡಿಸ್ಕ್. ಅಗಲ ಸುಮಾರು 70 ಎಂ.ಎಂ., ಉದ್ದ 100 ಎಂ.ಎಂ., ಇವೆರಡೂ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ದಪ್ಪ ಮಾತ್ರ ಬೇರೆ ಬೇರೆ. ಹಳೆಯವು 9.5 ಎಂ.ಎಂ., ಆಮೇಲೆ ಬಂದವು 7 ಎಂ.ಎಂ., ತುಂಬಾ ಜಾಸ್ತಿ ಜಾಗದವು 15 ಎಂ.ಎಂ. ತೆಳುವಾದ 7ರದ್ದು 9.5ರ ಜಾಗದಲ್ಲಿ ಕೂರುತ್ತದೆ, ಅಲುಗಾಡದಂತೆ ಸುತ್ತ ಒಂದು ಪ್ಲಾಸ್ಟಿಕ್ ಫ್ರೇಮ್ ಹಾಕಿದರೆ ಸಾಕು. ದಪ್ಪದ್ದು ತೆಳು ಜಾಗದಲ್ಲಿ ಕೂರಲ್ಲ, ಒತ್ತಿ ಕೂರಿಸಿದರೆ ಕೆಳಗಿನ ಮುಚ್ಚಳ ಉಬ್ಬಿಕೊಂಡು ಕೊನೆಗೆ ಸ್ಕ್ರೂ ಕಿತ್ತು ಬರುತ್ತದೆ. ಆದ್ದರಿಂದ ಹಳೆಯ ಡಿಸ್ಕ್ ಬಿಚ್ಚಿ, ಸ್ಕೇಲ್ ಇಟ್ಟು ಅಳೆದು, ಅದನ್ನೇ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಿ. 7 ಎಂ.ಎಂ.ನದ್ದು ತಗೊಂಡರೆ ಎರಡೂ ಕಡೆ ಆಗುತ್ತದೆ. ಕನೆಕ್ಟರ್ ಸಾಟಾ ಇರಬೇಕು, ನಿಮ್ಮ ಕಾಲದ ಲ್ಯಾಪ್‌ಟಾಪಿನಲ್ಲಿ ಅದು ಇದ್ದೇ ಇರುತ್ತದೆ.

7200ರ ವಿಷಯಕ್ಕೆ ಬರೋಣ. ಇದಕ್ಕೆ ಸಿಗೋ ಮರ್ಯಾದೆ ಸ್ವಲ್ಪ ಅತಿಯೇ. ಲೆಕ್ಕ ನೋಡಿ. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತು ಮುಗಿಸೋಕೆ 11 ಮಿಲಿಸೆಕೆಂಡ್ ಬೇಕು, 7200ರದ್ದಕ್ಕೆ 8.3. ಬೇಕಾದ ಜಾಗ ಹೆಡ್ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಅಂದರೆ ಉಳಿಯೋದು ಒಂದೂವರೆ ಮಿಲಿಸೆಕೆಂಡ್‌ಗಿಂತ ಕಡಿಮೆ. ಹೆಡ್ ಆ ಕಡೆ ಈ ಕಡೆ ಓಡಾಡೋಕೇ ಹತ್ತು ಹನ್ನೆರಡು ಮಿಲಿಸೆಕೆಂಡ್ ಹಿಡಿಯುತ್ತದೆ, ಅದು ಎರಡರಲ್ಲೂ ಇದ್ದದ್ದೇ. ಎಸ್‌ಎಸ್‌ಡಿಯಲ್ಲಿ ತಿರುಗೋದೂ ಇಲ್ಲ, ಓಡಾಡೋದೂ ಇಲ್ಲ, ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಕೆಲಸ ಶುರು. ವಿಂಡೋಸ್ ಆನ್ ಆಗುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲು ಓದಬೇಕು, ನಿಮ್ಮ ಥರ ನೂರಾರು ಫಾಂಟ್ ಹಾಕಿಕೊಂಡವರಿಗೆ ಅದು ಇನ್ನೂ ಜಾಸ್ತಿ. ಅಲ್ಲಿ 5400ರಿಂದ 7200ಕ್ಕೆ ಹೋದರೆ ಸ್ವಲ್ಪ ವಾಸಿ ಅನ್ನಿಸಬಹುದು, ಅಷ್ಟೇ. ಅದಕ್ಕೆ ಬೇರೆ ಬಿಸಿ ಜಾಸ್ತಿ, ಬ್ಯಾಟರಿಯನ್ನೂ ಜಾಸ್ತಿ ತಿನ್ನುತ್ತದೆ.

ಹಾಗಂತ ತಿರುಗೋ ಡಿಸ್ಕೇ ದಂಡ ಅಂತ ನಾನು ಹೇಳಲ್ಲ. ಒಂದು ದೊಡ್ಡ ಫೈಲನ್ನು ಸಾಲಾಗಿ ಓದಿ ಬರೆಯೋಕೆ, ಸೆಕೆಂಡಿಗೆ ನೂರು ಎಂಬಿಯ ಆಸುಪಾಸಿನಲ್ಲಿ, ಅದು ಈಗಲೂ ಚೆನ್ನಾಗೇ ಕೆಲಸ ಮಾಡುತ್ತದೆ. ಮುಗಿದ ಕೆಲಸ ಇಟ್ಟುಕೊಳ್ಳೋಕೆ ಅದು ಸಾಕು. ವಿಂಡೋಸ್ ಇರೋ ಜಾಗಕ್ಕೆ ಮಾತ್ರ ಅದನ್ನು ಹಾಕಬೇಡಿ.

ಅದಕ್ಕೇ ನಿಮಗೆ ನನ್ನ ಸಲಹೆ ಎರಡೂ ಹಾಕಿಸಿ ಅನ್ನೋದು. ಈಗ ಡಿಸ್ಕ್ ಇರುವ ಜಾಗಕ್ಕೆ 240–256 ಜಿಬಿಯ ಸಾಟಾ ಎಸ್‌ಎಸ್‌ಡಿ. ಡಿವಿಡಿ ಡ್ರೈವ್ ಕಿತ್ತು ಆ ಜಾಗದಲ್ಲಿ ಒಂದು ಕ್ಯಾಡಿ (ಡಿಸ್ಕ್ ಕೂರಿಸೋ ಚೌಕಟ್ಟು), ಅದರೊಳಗೆ 1 ಟಿಬಿ ತಿರುಗೋ ಡಿಸ್ಕ್. ಈಗ ಡಿವಿಡಿ ಯಾರು ಕೇಳುತ್ತಾರೆ ಹೇಳಿ! ಕ್ಯಾಡಿಯಲ್ಲೂ 9.5 ಮತ್ತು 12.7 ಎಂ.ಎಂ. ಅಂತ ಎರಡು ದಪ್ಪ ಇವೆ, ಕಿತ್ತ ಡಿವಿಡಿ ಡ್ರೈವ್ ಅಳೆದೇ ತಗೊಳ್ಳಿ. ವಿಂಡೋಸ್, ಕನ್ನಡ ಟೈಪ್ ಮಾಡೋ ನುಡಿ ತಂತ್ರಾಂಶ, ಪೇಜ್‌ಮೇಕರ್, ಈ ತಿಂಗಳ ಕೆಲಸ ಎಸ್‌ಎಸ್‌ಡಿಯಲ್ಲಿರಲಿ. ಹಳೆಯ ಪತ್ರಿಕೆ, ಬ್ಯಾನರ್ ಎಲ್ಲಾ ದೊಡ್ಡ ಡಿಸ್ಕಿಗೆ ಹೋಗಲಿ.

1 ಟಿಬಿ ಡಿಸ್ಕ್ ತಗೊಳ್ಳುವಾಗ ಕೇಳಬೇಕಾದ ಇನ್ನೊಂದು ಮಾತಿದೆ, ಅಂಗಡಿಯವರಲ್ಲಿ ಬಹಳ ಜನ ಇದನ್ನು ಹೇಳಲ್ಲ. ಅದು ಎಸ್‌ಎಂಆರ್ ಡಿಸ್ಕೋ, ಸಿಎಂಆರ್ ಡಿಸ್ಕೋ ಅನ್ನೋದು. ಸಿಎಂಆರ್‌ನಲ್ಲಿ ಮಾಹಿತಿಯ ಸಾಲುಗಳು ಒಂದರ ಪಕ್ಕ ಒಂದು, ಏರಿಕೊಳ್ಳದೆ ಬೇರೆ ಬೇರೆಯಾಗೇ ಇರುತ್ತವೆ. ಎಸ್‌ಎಂಆರ್‌ನಲ್ಲಿ ಮಾಹಿತಿ ಬರೆಯುವ ಸಾಲುಗಳು ಮನೆ ಮಾಡಿನ ಹೆಂಚಿನ ಥರ ಒಂದರ ಮೇಲೊಂದು ಸ್ವಲ್ಪ ಏರಿಕೊಂಡಿರುತ್ತವೆ. ಅಷ್ಟೇ ತಟ್ಟೆಯಲ್ಲಿ ಜಾಸ್ತಿ ಜಾಗ ಸಿಗುತ್ತದೆ ನಿಜ, ಆದರೆ ಮಧ್ಯದ ಒಂದು ಸಾಲು ತಿದ್ದಬೇಕಾದರೆ ಪಕ್ಕದ ಸಾಲುಗಳನ್ನೂ ಮತ್ತೆ ಬರೆಯಬೇಕು. ಡಿಸ್ಕು ಮೊದಲು ತನ್ನದೇ ಒಂದು ಬೇರೆ ಜಾಗದಲ್ಲಿ ಗೀಚಿಟ್ಟುಕೊಂಡು, ಬಿಡುವಾದಾಗ ಸರಿಯಾಗಿ ಜೋಡಿಸುತ್ತದೆ. ಬಿಡುವೇ ಕೊಡದೆ ಬರೆಸುತ್ತಾ ಹೋದರೆ ಆ ಜಾಗ ತುಂಬಿ ವೇಗ ಒಮ್ಮೆಲೇ ಬಿದ್ದುಹೋಗುತ್ತದೆ, ಕಂಪ್ಯೂಟರ್ ಹ್ಯಾಂಗ್ ಆಯಿತೇನೋ ಅನ್ನಿಸುತ್ತದೆ. ಕಂಪನಿಗಳು ಇದನ್ನು ಬಹಳ ದಿನ ಡಬ್ಬಿ ಮೇಲೂ ಹಾಕಿರಲಿಲ್ಲ, ಮಾಹಿತಿ ಹಾಳೆಯಲ್ಲೂ ಸರಿಯಾಗಿ ಹೇಳಿರಲಿಲ್ಲ. ಜನ ಗಲಾಟೆ ಮಾಡಿದ ಮೇಲೆ 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್, ಸೀಗೇಟ್, ತೋಷಿಬಾ ಮೂರೂ ಯಾವ ಮಾಡೆಲ್‌ನಲ್ಲಿ ಇದಿದೆ ಅಂತ ಬಾಯಿಬಿಟ್ಟವು. 7 ಎಂ.ಎಂ. ದಪ್ಪದ 1 ಟಿಬಿ, 2 ಟಿಬಿ ಡಿಸ್ಕುಗಳಲ್ಲಿ ಈಗ ಸಿಗೋದು ಹೆಚ್ಚುಕಡಿಮೆ ಎಲ್ಲಾ ಎಸ್‌ಎಂಆರ್‌ಗಳೇ. ನಿಮ್ಮ ಥರ ಒಮ್ಮೆ ಇಟ್ಟು ಆಗಾಗ ತೆಗೆಯೋ ಕೆಲಸಕ್ಕೆ ಅದರಿಂದ ತೊಂದರೆ ಇಲ್ಲ. ವಿಂಡೋಸ್ ಹಾಕಿಕೊಂಡು ದಿನವಿಡೀ ಬರೆಸುತ್ತೀನಿ ಅನ್ನೋರಿಗೆ ಮಾತ್ರ ಅದು ತಲೆನೋವು.

ಕೊನೆಗೆ ನುಡಿ. ಹೊಸದಾಗಿ ವಿಂಡೋಸ್ ಹಾಕಿಸಿದರೆ ನುಡಿಯನ್ನೂ ಅದರ ಫಾಂಟುಗಳನ್ನೂ ಮತ್ತೆ ಹಾಕಿಸಬೇಕು. ಇಲ್ಲದಿದ್ದರೆ ಹಳೆಯ ಫೈಲು ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫೈಲು ಹಾಳಾಯಿತು ಅಂತ ಗಾಬರಿ ಬೀಳಬೇಡಿ. ಹಳೆಯ ಡಿಸ್ಕಿನ ಫಾಂಟ್ ಫೋಲ್ಡರನ್ನು ಇವತ್ತೇ ಪೂರ್ತಿ ಕಾಪಿ ಮಾಡಿಟ್ಟುಕೊಳ್ಳಿ. ಇದ್ದದ್ದನ್ನು ಹಾಗೇ ಕ್ಲೋನ್ ಮಾಡಿಸೋದು ಸುಲಭ ಅನ್ನಿಸುತ್ತದೆ, ಆದರೆ ಸಾಯುತ್ತಿರೋ ಡಿಸ್ಕನ್ನು ಇಡಿಯಾಗಿ ಓದಿಸಿದರೆ ಮಧ್ಯದಲ್ಲೇ ನಿಂತುಹೋಗಬಹುದು. ಮೊದಲು ಫೈಲುಗಳು, ಕ್ಲೋನ್ ಆಮೇಲೆ.

ಮದುವೆ ವಿಡಿಯೋ ಮಾಡುತ್ತೇವೆ. ಲ್ಯಾಪ್‌ಟಾಪಿನಲ್ಲಿ 1 ಟಿಬಿ ಡಿಸ್ಕ್ ಸಾಲುತ್ತಿಲ್ಲ. 5 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ತಗೊಂಡು, ಒಡೆದು, ಒಳಗಿನದನ್ನು ಲ್ಯಾಪ್‌ಟಾಪಿಗೆ ಹಾಕಬಹುದಾ? ಹಾಗೆ ಮಾಡಿದವರ ವಿಡಿಯೋ ನೋಡಿದ್ದೇನೆ.
— ವಿಡಿಯೋ ಸ್ಟುಡಿಯೋದವರು, ಚಿತ್ರದುರ್ಗ

ಬೇಡಪ್ಪಾ. ಅದರ ಒಳಗಿರೋದು 15 ಎಂ.ಎಂ. ದಪ್ಪದ ಡಿಸ್ಕ್, ನಿಮ್ಮ ಲ್ಯಾಪ್‌ಟಾಪಿನಲ್ಲಿ ಕೂರುವುದೇ ಇಲ್ಲ. 7 ಎಂ.ಎಂ.ನಲ್ಲಿ 2 ಟಿಬಿಗಿಂತ ದೊಡ್ಡ ತಿರುಗೋ ಡಿಸ್ಕ್ ಬರಲ್ಲ. ಇನ್ನೊಂದು ತೊಡಕೂ ಇದೆ. ಕೆಲವು ಎಕ್ಸ್‌ಟರ್ನಲ್ ಡಿಸ್ಕುಗಳಲ್ಲಿ ಸಾಟಾ ಕನೆಕ್ಟರೇ ಇರಲ್ಲ, ಯುಎಸ್‌ಬಿ ಸಾಕೆಟನ್ನು ಡಿಸ್ಕಿನ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಒಡೆದ ಮೇಲೆ ಗೊತ್ತಾದರೆ ವಾರಂಟಿಯೂ ಹೋಯಿತು, ಡಿಸ್ಕೂ ಉಪಯೋಗಕ್ಕೆ ಬರಲಿಲ್ಲ.

ಹೊರಗೇ ಇಟ್ಟುಕೊಳ್ಳಿ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಶೂಟ್ ಮಾಡಿದರೆ ಗಂಟೆಗೆ 45 ಜಿಬಿ ಆಗುತ್ತದೆ, ಎರಡು ಕ್ಯಾಮೆರಾ, ರಿಸೆಪ್ಷನ್, ಮುಹೂರ್ತ ಎಲ್ಲಾ ಸೇರಿದರೆ ಒಂದು ಮದುವೆಗೆ 400 ಜಿಬಿ ದಾಟೋದು ದೊಡ್ಡ ಮಾತಲ್ಲ. ಎಡಿಟ್ ಆಗುತ್ತಿರುವ ಮದುವೆ ಎಸ್‌ಎಸ್‌ಡಿಯಲ್ಲಿರಲಿ, ಮುಗಿದದ್ದು ಹೊರಗಿನ ಡಿಸ್ಕಿಗೆ ಹೋಗಲಿ. ಕೇಬಲ್ಲನ್ನು ನೀಲಿ ಬಣ್ಣದ ಯುಎಸ್‌ಬಿ 3 ಸಾಕೆಟ್ಟಿಗೇ ಹಾಕಿ. ಹಳೆಯ ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ 35 ಎಂಬಿ ಬಂದರೆ ಹೆಚ್ಚು, ಅರ್ಧ ಗಂಟೆಯ ಕಾಪಿ ಒಂದೂವರೆ ಗಂಟೆ ಹಿಡಿಯುತ್ತದೆ. ಅದರಲ್ಲಿ ಸಿಗೋ ಕರೆಂಟೂ ಕಡಿಮೆ. ಯುಎಸ್‌ಬಿ 2 ಕೊಡೋದು 500 ಮಿಲಿಆಂಪ್, ಯುಎಸ್‌ಬಿ 3 ಕೊಡೋದು 900. ತಟ್ಟೆ ತಿರುಗೋಕೆ ಶುರುವಾಗುವಾಗ ಡಿಸ್ಕಿಗೆ ಹೆಚ್ಚು ಕರೆಂಟು ಬೇಕು, ಸಾಲದಿದ್ದರೆ ಕಿರ್ ಕಿರ್ ಅಂತ ನಿಂತುಬಿಡುತ್ತದೆ. ಡಿಸ್ಕ್ ಕೆಟ್ಟಿದೆ ಅಂತ ಬರುವವರಲ್ಲಿ ಎಷ್ಟೋ ಜನರ ಡಿಸ್ಕು ಕೇಬಲ್ ಬದಲಾಯಿಸಿದರೆ ಸರಿಹೋಗುತ್ತದೆ.

ಇನ್ನೊಂದು ಮಾತು, ಇದು ಸ್ವಲ್ಪ ಖಾರವಾಗೇ ಇರಲಿ. ಗಿರಾಕಿಗೆ ಪೆನ್‌ಡ್ರೈವ್ ಕೈಗೆ ಕೊಡುವವರೆಗೂ ಅವರ ಮದುವೆ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇರಬೇಕು. ಒಂದೇ ಡಿಸ್ಕಿನಲ್ಲಿ ಎರಡು ಫೋಲ್ಡರ್ ಮಾಡಿದರೆ ಅದು ಎರಡು ಕಾಪಿ ಅಲ್ಲ. 5 ಟಿಬಿಯ ಒಂದರ ಬದಲು 2 ಟಿಬಿಯ ಎರಡು ತಗೊಳ್ಳಿ ಅಂತಲೇ ನಾನು ಹೇಳೋದು. ಮತ್ತೆ ಮಾಡಿಸೋಕೆ ಅದೇನು ಪಾಸ್‌ಪೋರ್ಟ್ ಫೋಟೋನಾ?

ನಮ್ಮದು ಚಿಕ್ಕ ಅಡಿಕೆ ವ್ಯಾಪಾರ. ಟ್ಯಾಲಿ ಇರುವ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಬಹಳ ದಿನ ಆಯಿತು, ಚಾರ್ಜರ್ ಹಾಕಿಕೊಂಡೇ ನಡೆಸುತ್ತೇವೆ. ಕರೆಂಟು ಹೋದರೆ ಆಫ್ ಆಗುತ್ತದೆ, ಬಂದ ಮೇಲೆ ಮತ್ತೆ ಆನ್ ಮಾಡುತ್ತೇವೆ. ಇದರಿಂದ ಡಿಸ್ಕಿಗೆ ಏನಾದರೂ ಆಗುತ್ತದಾ?
— ಓದುಗರು, ಚನ್ನಗಿರಿ

ಆಗುತ್ತದೆ ಯಜಮಾನ್ರೇ. ಸರಿಯಾಗಿ ಶಟ್‌ಡೌನ್ ಮಾಡಿದಾಗ ಹೆಡ್ ನಿಧಾನಕ್ಕೆ ತಟ್ಟೆಯಿಂದ ಆಚೆ ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಕರೆಂಟು ದಿಢೀರನೆ ಹೋದಾಗ ಅಷ್ಟು ಪುರುಸೊತ್ತು ಎಲ್ಲಿ? ತಟ್ಟೆ ಇನ್ನೂ ತಿರುಗುತ್ತಿರುತ್ತದಲ್ಲ, ಆ ತಿರುಗುವಿಕೆಯಿಂದಲೇ ಹುಟ್ಟುವ ಚೂರು ಕರೆಂಟಿನಲ್ಲಿ ಹೆಡ್ಡನ್ನು ಟಪ್ ಅಂತ ಆಚೆ ಎಳೆದುಕೊಳ್ಳುತ್ತದೆ. ಆ ಸದ್ದು ನಿಮಗೂ ಕೇಳಿಸಿರಬೇಕು. ಮಾಮೂಲಿ ರೀತಿಯಲ್ಲಿ ಹೆಡ್ ಒಳಗೆ ಹೊರಗೆ ಹೋಗೋದನ್ನು ಲ್ಯಾಪ್‌ಟಾಪ್ ಡಿಸ್ಕುಗಳು ಲಕ್ಷಗಟ್ಟಲೆ ಸಲ ತಡೆಯುತ್ತವೆ. ಈ ಥರದ ಎಳೆತವನ್ನು ಅಷ್ಟು ಸಲ ತಡೆಯಲ್ಲ.

ಅದಕ್ಕಿಂತ ದೊಡ್ಡ ಅಪಾಯ ಲೆಕ್ಕದ್ದು. ಟ್ಯಾಲಿ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಡಾಟಾ ಅರ್ಧಂಬರ್ಧ ಆಗಬಹುದು, ಎಸ್‌ಎಸ್‌ಡಿ ಹಾಕಿಸಿದರೂ ಈ ತೊಂದರೆ ತಪ್ಪಲ್ಲ. ಹಾಗಾಗಿ ನಿಮಗೆ ಈಗ ಬೇಕಿರೋದು ಹೊಸ ಡಿಸ್ಕ್ ಅಲ್ಲ, ಬ್ಯಾಟರಿ. ಅದು ಸಿಗದಿದ್ದರೆ ಒಂದು ಚಿಕ್ಕ ಯುಪಿಎಸ್. ದಿನಾ ಸಂಜೆ ಟ್ಯಾಲಿ ಬ್ಯಾಕಪ್ ಪೆನ್‌ಡ್ರೈವಿಗೆ ತೆಗೆದು, ಆ ಪೆನ್‌ಡ್ರೈವ್ ಮನೆಗೆ ಒಯ್ಯಿರಿ. ಲ್ಯಾಪ್‌ಟಾಪಿಗೇ ಚುಚ್ಚಿ ಬಿಡಬೇಡಿ.

1 ಟಿಬಿ ಎಂದು ಹಣ ಕೊಟ್ಟು ತಂದೆ. ಕಂಪ್ಯೂಟರಿನಲ್ಲಿ 931 ಜಿಬಿ ಮಾತ್ರ ತೋರಿಸುತ್ತಿದೆ. ಮೋಸವೇ?
— ನಿವೃತ್ತ ಶಿಕ್ಷಕರು, ಹರಿಹರ

ಮೋಸ ಅಲ್ಲ ಮೇಷ್ಟ್ರೇ, ಇಬ್ಬರ ಲೆಕ್ಕ ಬೇರೆ ಬೇರೆ. ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಒಂದರ ಮುಂದೆ ಹನ್ನೆರಡು ಸೊನ್ನೆ ಹಾಕಿ, ಮೂರು ಸಲ 1024ರಿಂದ ಭಾಗಿಸಿ ನೋಡಿ, 931 ಬರುತ್ತದೆ. 500 ಜಿಬಿಯದ್ದು 465 ಅಂತ ತೋರಿಸೋದೂ ಇದಕ್ಕೇ. ನಿಮ್ಮ ಡಿಸ್ಕು ಸರಿಯಾಗೇ ಇದೆ.

ಅಣ್ಣಾ, ನಾನು ಡಿಪ್ಲೊಮಾ ವಿದ್ಯಾರ್ಥಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹಳೆಯ ಲ್ಯಾಪ್‌ಟಾಪ್ ಡಿಸ್ಕ್ ಬಹಳ ಕಡಿಮೆಗೆ ಸಿಗುತ್ತವೆ ಅಂತ ಫ್ರೆಂಡ್ಸ್ ಹೇಳುತ್ತಾರೆ. ತಗೊಳ್ಳಬಹುದಾ? ಲ್ಯಾಪ್‌ಟಾಪನ್ನು ದಿನಾ ಬಸ್ಸಿನಲ್ಲಿ ಬ್ಯಾಗಿನಲ್ಲಿ ಒಯ್ಯುತ್ತೇನೆ, ಅದೂ ತೊಂದರೆನಾ?
— ವಿದ್ಯಾರ್ಥಿ, ಜಗಳೂರು

ಬಸ್ಸಿನ ಮಾತು ಮೊದಲು. ಆಫ್ ಆಗಿರುವ ಡಿಸ್ಕ್ ಬಹಳ ಗಟ್ಟಿ. ತಿರುಗುತ್ತಿರುವಾಗ ತಡೆಯೋದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಪೆಟ್ಟು ಆಫ್ ಆಗಿದ್ದಾಗ ತಡೆಯುತ್ತದೆ, ಯಾಕೆಂದರೆ ಹೆಡ್ ಆಗ ತಟ್ಟೆಯ ಮೇಲೆ ಇರೋದೇ ಇಲ್ಲ. ಮುಚ್ಚಳ ಮುಚ್ಚಿದ ತಕ್ಷಣ ಬ್ಯಾಗಿಗೆ ತುರುಕಬೇಡ. ಸ್ಲೀಪ್‌ಗೆ ಹೋಗೋಕೆ ಸ್ವಲ್ಪ ಹೊತ್ತು ಬೇಕು, ಕೆಲವು ಸಲ ಬ್ಯಾಗಿನ ಒಳಗೇ ಮತ್ತೆ ಎದ್ದು ಕೂರುತ್ತದೆ. ಬಸ್ಸು ಹತ್ತುವಾಗ ಶಟ್‌ಡೌನ್ ಮಾಡು. ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಸಿನಿಮಾ ನೋಡೋ ಅಭ್ಯಾಸ ಇದ್ದರೆ ತಿರುಗೋ ಡಿಸ್ಕ್ ನಿನಗಲ್ಲ.

ಹಳೆಯ ಡಿಸ್ಕ್ ತಗೊಳ್ಳಲೇಬೇಕಾ? ಒಂದೇ ಡಿಸ್ಕ್ ಹಾಕೋ ಜಾಗ ಇದ್ದು, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಹಳೆಯ 1 ಟಿಬಿ ಡಿಸ್ಕಿಗಿಂತ ಹೊಸ 240 ಜಿಬಿ ಎಸ್‌ಎಸ್‌ಡಿಯೇ ಮೇಲು. ಓದೋಕೆ, ಕೋಡ್ ಬರೆಯೋಕೆ ಅಷ್ಟು ಜಾಗ ಸಾಕು. ಇಲ್ಲಾ ಅಣ್ಣಾ, ಜಾಗವೇ ಬೇಕು ಅಂತೀಯಾ, ಸರಿ, ಹಾಗಾದರೆ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡ. ಲ್ಯಾಪ್‌ಟಾಪ್ ಜೊತೆಗೆ ಒಯ್ಯಿ, ಸಾಟಾದಿಂದ ಯುಎಸ್‌ಬಿಗೆ ಹಾಕೋ ಕೇಬಲ್ ಒಂದಿರಲಿ. ಎರಡೂವರೆ ಇಂಚಿನ ಡಿಸ್ಕಿಗೆ 5 ವೋಲ್ಟ್ ಸಾಕು, ಬೇರೆ ಅಡಾಪ್ಟರ್ ಬೇಕಾಗಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದರಲ್ಲಿ 05, ಸಿ5, ಸಿ6 ಅನ್ನೋ ಮೂರು ಸಾಲು ನೋಡು. 05 ಅಂದರೆ ಕೆಟ್ಟುಹೋಗಿ ಬದಲಾಯಿಸಿದ ಜಾಗಗಳ ಲೆಕ್ಕ. ಸಿ5 ಅಂದರೆ ಕೆಡುವ ಅನುಮಾನ ಇರೋ ಜಾಗಗಳು. ಸಿ6 ಅಂದರೆ ಓದಲು ಆಗದೇ ಹೋದವು. ಮೂರರ ಮುಂದೆಯೂ ಸೊನ್ನೆ ಇರಬೇಕು. ಸ್ವಲ್ಪ ಇದ್ದರೆ ಪರವಾಗಿಲ್ಲ ಅಂತ ಮಾರುವವರು ಹೇಳುತ್ತಾರೆ, ಪರವಾಗಿದೆ. ಎಷ್ಟು ಗಂಟೆ ಓಡಿದೆ ಅನ್ನೋದೂ ಅಲ್ಲೇ 09ರಲ್ಲಿ ಇರುತ್ತದೆ. ಹಗಲು ರಾತ್ರಿ ಒಂದು ವರ್ಷ ಓಡಿದರೆ 8760 ಗಂಟೆ. ತೀರಾ ಹಳೆಯ ಲೇಬಲ್ಲಿನ ಡಿಸ್ಕ್ ಬರೀ ಐವತ್ತು ಗಂಟೆ ತೋರಿಸಿದರೆ ಖುಷಿಪಡಬೇಡ, ಆ ಅಂಕಿಯನ್ನು ಸೊನ್ನೆ ಮಾಡೋ ಕೈಚಳಕದವರೂ ಇದ್ದಾರೆ.

ಲೇಬಲ್ ಮೇಲಿನ ತಯಾರಿಕೆ ತಿಂಗಳು, ವರ್ಷ ಓದು. ಈಗ ತಿರುಗೋ ಡಿಸ್ಕ್ ಮಾಡುವವರು ಮೂರೇ ಕಂಪನಿ. ಹಿಟಾಚಿಯ ಡಿಸ್ಕ್ ವ್ಯವಹಾರ 2012ರಲ್ಲಿ ವೆಸ್ಟರ್ನ್ ಡಿಜಿಟಲ್ ಪಾಲಾಯಿತು. ಸ್ಯಾಮ್‌ಸಂಗ್‌ನದ್ದು ಅದಕ್ಕೂ ಒಂದು ವರ್ಷ ಮೊದಲೇ ಸೀಗೇಟ್‌ಗೆ ಹೋಯಿತು. ಫುಜಿತ್ಸುವಿನದ್ದು 2009ರಲ್ಲಿ ತೋಷಿಬಾಗೆ. ಫುಜಿತ್ಸು ಹೆಸರಿನ ಡಿಸ್ಕ್ ತೋರಿಸಿ ‘ಎರಡು ವರ್ಷ ಅಷ್ಟೇ ಓಡಿದೆ’ ಅಂದರೆ ನಕ್ಕು ಮುಂದಿನ ಅಂಗಡಿಗೆ ಹೋಗು.

ಹೊಸದೇ ತಗೊಂಡರೂ ಬಿಲ್ ಇಸ್ಕೊ. ಸೀರಿಯಲ್ ನಂಬರನ್ನು ಕಂಪನಿ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಎಲ್ಲಿವರೆಗೆ ಇದೆ ಅಂತ ಅಂಗಡಿಯಲ್ಲೇ ನೋಡು. ಲ್ಯಾಪ್‌ಟಾಪ್ ಕಂಪನಿಗೆ ಕೊಟ್ಟ ಮಾಲು ಹೊರಗೆ ಬಂದಿದ್ದರೆ ಡಿಸ್ಕ್ ಕಂಪನಿ ಅದಕ್ಕೆ ವಾರಂಟಿ ಇಲ್ಲ ಅನ್ನುತ್ತದೆ. ಮನೆಗೆ ತಂದ ಮೇಲೆ ಒಂದು ಸಲ ಪೂರ್ತಿ ಫಾರ್ಮ್ಯಾಟ್ ಮಾಡು, ಕ್ವಿಕ್ ಅನ್ನೋದರ ಟಿಕ್ ತೆಗೆದು. 1 ಟಿಬಿಗೆ ಸುಮಾರು ಮೂರು ಗಂಟೆ ಹಿಡಿಯುತ್ತದೆ. ಮುಗಿದ ಮೇಲೆ ಆ ಮೂರು ಸಾಲು ಇನ್ನೊಮ್ಮೆ ನೋಡು. ಕೆಡೋ ಡಿಸ್ಕಾಗಿದ್ದರೆ ವಾಪಸ್ ಕೊಡೋ ಅವಧಿ ಒಳಗೇ ಕೆಡಲಿ.

ಹಳೆಯ ಫೋಟೋಗಳನ್ನು ಎಸ್‌ಎಸ್‌ಡಿಯಲ್ಲಿ ಹಾಕಿ ಬೀರುವಿನಲ್ಲಿ ಇಡಬಹುದೇ, ಅಥವಾ ಹಾರ್ಡ್ ಡಿಸ್ಕೇ ಒಳ್ಳೆಯದೇ?
— ಗೃಹಿಣಿ, ಹಿರಿಯೂರು

ಬೀರುವಿಗೆ ಹಾರ್ಡ್ ಡಿಸ್ಕೇ ವಾಸಿ ಅಕ್ಕಾ. ಎಸ್‌ಎಸ್‌ಡಿಯಲ್ಲಿ ಮಾಹಿತಿ ವಿದ್ಯುತ್ ಚಾರ್ಜ್ ರೂಪದಲ್ಲಿ ಇರುತ್ತದೆ, ಅದು ನಿಧಾನಕ್ಕೆ ಸೋರುತ್ತದೆ. ಮನೆ ಬಳಕೆಯ ಎಸ್‌ಎಸ್‌ಡಿಗೆ ಇರುವ ಮಾನದಂಡ ಏನೆಂದರೆ, ಪೂರ್ತಿ ಸವೆದ ಮೇಲೂ ಕರೆಂಟಿಲ್ಲದೆ 30 ಡಿಗ್ರಿ ಬಿಸಿಯಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು ಅಂತ. ಹೊಸದು ಅದಕ್ಕಿಂತ ಬಹಳ ದಿನ ಇಟ್ಟುಕೊಳ್ಳುತ್ತದೆ, ಆದರೆ ಬಿಸಿ ಜಾಸ್ತಿಯಾದಷ್ಟೂ ಸೋರಿಕೆ ಜಾಸ್ತಿ, ನಿಮ್ಮೂರಿನ ಏಪ್ರಿಲ್ ಬಿಸಿಲು ನಿಮಗೇ ಗೊತ್ತಲ್ಲ. ಹಾರ್ಡ್ ಡಿಸ್ಕಿನಲ್ಲಿ ಕಾಂತದ ಗುರುತು, ಅಷ್ಟು ಸುಲಭಕ್ಕೆ ಹೋಗಲ್ಲ. ಆರು ತಿಂಗಳಿಗೊಮ್ಮೆ ತೆಗೆದು ಸ್ವಲ್ಪ ಹೊತ್ತು ತಿರುಗಿಸಿ. ಫೋಟೋಗಳ ಇನ್ನೊಂದು ಪ್ರತಿ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ.

ನನ್ನ ಹಳೆಯ ತೆಳು ಲ್ಯಾಪ್‌ಟಾಪ್ ಬಿಚ್ಚಿದರೆ ಒಳಗೆ ಎರಡೂವರೆ ಇಂಚಿಗಿಂತ ಚಿಕ್ಕ ಡಿಸ್ಕ್ ಇದೆ. ಅಂಥದ್ದು ಈಗ ಸಿಗುತ್ತದಾ?
— ಓದುಗರು, ಹೊಸದುರ್ಗ

ಅದು 1.8 ಇಂಚಿನದು. 2001ರ ಮೊದಲ ಐಪಾಡ್‌ನಲ್ಲಿ ಇದ್ದದ್ದು ಇದೇ ಅಳತೆಯ ತೋಷಿಬಾ ಡಿಸ್ಕ್, 5 ಜಿಬಿಯದ್ದು. 2008ರ ಮೊದಲ ಮ್ಯಾಕ್‌ಬುಕ್ ಏರ್‌ನಲ್ಲೂ ಇದೇ ಅಳತೆಯ 80 ಜಿಬಿ ಡಿಸ್ಕ್ ಇತ್ತು. ಅದಕ್ಕೂ ಮುಂಚೆ 1999ರಲ್ಲಿ ಐಬಿಎಂ ಒಂದೇ ಇಂಚಿನ ಡಿಸ್ಕ್ ಮಾಡಿತ್ತು, ಕ್ಯಾಮೆರಾ ಕಾರ್ಡಿನ ಜಾಗದಲ್ಲಿ ಕೂರುವಂಥದ್ದು, ಜಾಗ 340 ಎಂಬಿ. ಅಷ್ಟು ಚಿಕ್ಕದರೊಳಗೆ ಮೋಟಾರು, ತಟ್ಟೆ, ಹೆಡ್ ಎಲ್ಲಾ ಇತ್ತು ಅಂದರೆ ನನಗೆ ಈಗಲೂ ಸೋಜಿಗ. ಫ್ಲಾಶ್ ಮೆಮೊರಿ ಅಗ್ಗವಾದ ಮೇಲೆ ಇವೆಲ್ಲಾ ನಿಂತುಹೋದವು. ಈಗ ಹೊಸ 1.8 ಇಂಚಿನ ತಿರುಗೋ ಡಿಸ್ಕ್ ಹುಡುಕಬೇಡಿ, ಸಿಕ್ಕರೂ ಎಲ್ಲೋ ಕಿತ್ತಿಟ್ಟ ಹಳೆಯದ್ದೇ ಆಗಿರುತ್ತದೆ. ಕನೆಕ್ಟರಿನ ಫೋಟೋ ತೆಗೆದುಕೊಳ್ಳಿ. ರಿಬ್ಬನ್ ಥರದ ಪಟ್ಟಿ ಇದ್ದರೆ ಅದಕ್ಕೆ ಹೊಂದುವ ಅಡಾಪ್ಟರ್ ಜೊತೆ ಚಿಕ್ಕ ಎಂಸಾಟಾ ಎಸ್‌ಎಸ್‌ಡಿ ಹಾಕಬಹುದು. ಅಡಾಪ್ಟರ್ ಮತ್ತು ಎಸ್‌ಎಸ್‌ಡಿ ಎರಡರ ಒಟ್ಟು ದಪ್ಪ ಅಳೆಯೋದು ಮರೆಯಬೇಡಿ.